ಹನ್ನೊಂದರ ಕಲ್ಲು

ಅವನು ಆ ಕಿಲೋಮೀಟರ್ ಕಲ್ಲನ್ನು ಓದಿದನೋ ಇಲ್ಲವೋ ಎಂದು ಕೇಳಿದರೆ, ಓದಿದ ಎಂದೇ ನಾನು ಹೇಳುತ್ತೇನೆ. ಆಣೆ ಮಾಡು ಎಂದರೆ ಮಾತ್ರ ಹಿಂಜರಿಯುತ್ತೇನೆ. ಆ ದಿನ ನಾವು ಮೂವರು ಓಡುತ್ತಿದ್ದೆವು. ಅವನು ಓದಿದ್ದನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ಹದಿಮೂರರ ಕಲ್ಲು ದಾಟಿದ ಮೇಲೆ ಅವನು ಬಾಯಿಯೇ ಬಿಡಲಿಲ್ಲ ಅನ್ನುತ್ತಾನೆ ಖಾಜಾ. ಮೂರನೆಯವನು ಓದಿದವನೇ. ತನ್ನ ಪರವಾಗಿ ತಾನು ಹೇಳಿಕೊಂಡದ್ದನ್ನು ಸಾಕ್ಷಿ ಅನ್ನಲು ಬರುವುದಿಲ್ಲ. ನನ್ನ ನೆನಪಿನಲ್ಲಿ ಅವತ್ತು ಮಂಜು ಬೇರೆ ಇದೆ. ಸಂಕ್ರಾಂತಿ ಕಳೆದ ಮೇಲೆ, ಬಿಸಿಲು ಬಿದ್ದ ಹೊತ್ತಿನಲ್ಲಿ, ಬಳ್ಳಾರಿ ಸೀಮೆಯಲ್ಲಿ ಮಂಜು ಎಲ್ಲಿಂದ ಬರಬೇಕು? ಬೇರೆ ಯಾವುದೋ ಊರಿನ ಮಂಜನ್ನು ತಂದು ಆ ಬೆಳಗಿನ ಮೇಲೆ ಹೊದಿಸಿಬಿಟ್ಟಿದ್ದೇನೆ. ಮಂಜನ್ನು ಹಾಗೆ ತಂದವನು ಮಾತನ್ನು ತರಲಾರನೇ?

ಇದೆಲ್ಲ ಮತ್ತೆ ಎದ್ದದ್ದು ಇರುವೆಗಳಿಂದ. ಮೊನ್ನೆ ಕಪಾಟಿನ ಕೆಳಗಿನ ಅರೆಯೊಳಕ್ಕೆ ಇರುವೆ ಸಾಲು ಹೋಗುತ್ತಿತ್ತು. ಬಟ್ಟೆ ಎಲ್ಲ ಎಳೆದು ಹಾಕಿ ನೋಡಿದರೆ, ತಳದಲ್ಲಿ ಹೋದ ವರ್ಷದ ನನ್ನ ಓಟದ ಚಡ್ಡಿ. ಅದರ ಒಳಜೇಬಿನಲ್ಲಿ ಅರ್ಧ ಕಡಿದಿಟ್ಟ ಶೇಂಗಾ ಚಿಕ್ಕಿ. ಆ ಒಳಜೇಬನ್ನು ಹೊಲಿದುಕೊಟ್ಟವನು ಖಾಜಾ ಹುಸೇನ್. ಜೀನ್ಸ್ ಹೊಲಿಯುವುದು ಅವನ ಕಸುಬು. ಬಳ್ಳಾರಿಯ ಅರ್ಧ ಓಣಿಗಳಲ್ಲಿ ಅದೇ ಮಷೀನಿನ ಸದ್ದು. ನಮ್ಮ ತೆಳ್ಳನೆಯ ಚಡ್ಡಿಗೂ ಅವನು ಜೀನ್ಸಿನ ದಪ್ಪ ದಾರವನ್ನೇ ಹಾಕಿದ್ದ. ಚಡ್ಡಿ ಹರಿದು ಹೋದರೂ ಜೇಬು ಉಳಿಯುತ್ತದೆ, ಅಂಥ ಹೊಲಿಗೆ. ನನ್ನ ಹೆಂಡತಿ ಪೊರಕೆ ಹಿಡಿದು ಬಂದು ನೋಡಿ, "ಇರುವಿಗಾದ್ರೂ ಉಪಯೋಗ ಆತಲ್ಲ ನಿಮ್ಮ ಮ್ಯಾರಥಾನು" ಅಂದಳು. ನಗಬೇಕಿತ್ತು. ನಾನು ಚಡ್ಡಿ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟೆ.

ನನ್ನ ನೆನಪಿನ ಯೋಗ್ಯತೆ ಎಷ್ಟು ಎಂಬುದನ್ನು ನಿಮಗೆ ಮೊದಲೇ ತಿಳಿಸಿಬಿಡುವುದು ಒಳ್ಳೆಯದು. ನಾನು ವಿಶ್ವವಿದ್ಯಾಲಯದಲ್ಲಿ ತರ್ಕಶಾಸ್ತ್ರ ಓದಿ ಬಂದವನು. ಈಗ ಅದನ್ನು ಕಲಿಯಲು ಹುಡುಗರು ಬರುವುದಿಲ್ಲ. ಹಾಗಾಗಿ ಕಾಲೇಜಿನಲ್ಲಿ ಅವರಿಗೆ ಚೆನ್ನಾಗಿ ಮಾತಾಡುವುದು ಹೇಗೆ ಎಂದು ಪಾಠ ಮಾಡುತ್ತೇನೆ. ಮನೆಯಲ್ಲಿ ನನ್ನ ಮಾತು ಯಾರೂ ಕೇಳುವುದಿಲ್ಲ ಎಂಬುದು ಬೇರೆ ವಿಷಯ. ಯಾವ ಸಂಗತಿಯನ್ನೂ ಎರಡು ಕಡೆಯಿಂದ ತಾಳೆ ನೋಡದೆ ನಂಬಬಾರದು ಎಂದು ಕಲಿತವನು, ಬಹಳ ವರ್ಷ ಒಂದು ಸಂಗತಿಯನ್ನು ತಾಳೆ ನೋಡದೆ ನಂಬಿಕೊಂಡಿದ್ದೆ: ಕುರುಗೋಡಿನ ಸಾಲಿಯಲ್ಲಿ ಓದುವಾಗ ಓಟದಲ್ಲಿ ನಾನು ಎರಡನೆಯವನಾಗಿ ಬಂದಿದ್ದೆ ಎಂದು. ಮಣ್ಣಿನ ಬಿಸಿ, ಸುಣ್ಣದ ಗೆರೆ, ಮುಂದೆ ಓಡುತ್ತಿದ್ದವನ ಹರಿದ ಅಂಗಿಯ ಬೆನ್ನು, ಗುರಿಯಲ್ಲಿ ಎದೆಗೆ ತಾಗಿದ ಹಗ್ಗ, ಎಲ್ಲ ಕಣ್ಣ ಮುಂದಿತ್ತು. ನಲವತ್ತು ದಾಟಿದ ಮೇಲೆ ಓಟ ಶುರು ಮಾಡಿದಾಗ ಈ ಕತೆಯನ್ನು ಅಕ್ಕನ ಮುಂದೆ ಹೇಳಿದೆ. ಆಕೆ ಮೆಂತ್ಯೆ ಸೊಪ್ಪು ಬಿಡಿಸುತ್ತಾ, ತಲೆ ಕೂಡ ಎತ್ತದೆ, "ನೀ ಯಾವಾಗ ಓಡಿದ್ಯೋ? ಆ ಕಡಿಗೆ ಹಗ್ಗ ಹಿಡಕೊಂಡು ನಿಂತಿದ್ದಿ" ಅಂದಳು. ಎರಡನೆಯವನಿಗೆ ಹಗ್ಗ ಎದೆಗೆ ತಾಗುವುದು ಹೇಗೆ ಎಂಬ ಪ್ರಶ್ನೆ, ತರ್ಕಶಾಸ್ತ್ರ ಓದಿದ ನನಗೆ ಅಷ್ಟು ವರ್ಷ ಹೊಳೆದಿರಲಿಲ್ಲ.

ಇಂಥವನ ಸಾಕ್ಷಿಯನ್ನು ಕಲ್ಲು ಓದಿದ ಆ ಮೂರನೆಯವನು, ಶರಣಬಸವ, ನೆಚ್ಚಿಕೊಂಡಿದ್ದ.

ಶರಣು ನನ್ನ ವಾರಿಗೆಯವನು. ಸಿರುಗುಪ್ಪದ ರೈಸ್ ಮಿಲ್ಲುಗಳಿಗೆ ಬೆಲ್ಟು, ಬೇರಿಂಗು ಮಾರುವ ವ್ಯಾಪಾರ ಅವನದು. ಬೆಳಿಗ್ಗೆ ಮೈದಾನದಲ್ಲಿ ಸುತ್ತು ಹಾಕುವಾಗ ಪರಿಚಯವಾದವನು, ಆಮೇಲೆ ನಾವಿಬ್ಬರೂ ಖಾಜಾನೂ ಸೇರಿ ಓಡತೊಡಗಿದೆವು. ಅವನಿಗೆ ಕಣ್ಣು ಸೊರಗುತ್ತಾ ಹೋಗುವ ಕಾಯಿಲೆ. ಅವರ ಮನೆತನದಲ್ಲೇ ಬಂದದ್ದು. ಅವನ ಅಕ್ಕನಿಗೆ ಆಗಲೇ ಪೂರ್ತಿ ಕತ್ತಲಾಗಿತ್ತು. ಇದನ್ನು ಅವನು ಮುಚ್ಚಿಡಲಿಲ್ಲ. ಒಂದು ದಿನ ಓಟ ಮುಗಿಸಿ ಮಂಡಕ್ಕಿಯ ಮಂಡಾಳು ಒಗ್ಗರಣೆ ತಿನ್ನುವಾಗ, ಮಿರ್ಚಿ ಇನ್ನೊಂದು ಬೇಕು ಅನ್ನುವ ಧಾಟಿಯಲ್ಲೇ ಹೇಳಿದ:

"ಡಾಕ್ಟ್ರು ಇನ್ನ ಸ್ವಲ್ಪ ವರ್ಷ ಅಂತಾರ. ಕಣ್ಣು ಇದ್ದಾಗ ಒಂದ್ ಸಲ ಪೂರಾ ಮ್ಯಾರಥಾನ್ ಓಡ್ಬೇಕಲೇ ಮಾಸ್ತರ. ಆಮ್ಯಾಲೆ ಕೂತು ನೆನಸ್ಕೊಳ್ಳಾಕ ಏನಾದ್ರೂ ಬೇಕಲ್ಲ."

ಯುಗಾದಿಗೆ ಮುಂಚೆ ನಮ್ಮಲ್ಲಿ ಓಟದ ಹುಚ್ಚಿನವರೆಲ್ಲ ಸೇರಿ ಒಂದು ಮ್ಯಾರಥಾನ್ ನಡೆಸುತ್ತಾರೆ. ವಸಂತದ ಓಟ ಎಂದು ಕರೆಯುತ್ತಾರೆ. ಬಳ್ಳಾರಿಯಲ್ಲಿ ವಸಂತ ಹೇಗಿರುತ್ತದೆ ಎಂದು ಕೇಳಬೇಡಿ. ಬೇವು ಚಿಗುರುತ್ತದೆ, ಡಾಂಬರು ಮೆತ್ತಗಾಗುತ್ತದೆ, ಅಷ್ಟೆ. ಆ ಓಟಕ್ಕೆ ಅವನು ಹೆಸರು ಕೊಟ್ಟ. ಅವನ ಹಿಂದೆ ನಾವಿಬ್ಬರೂ ಕೊಟ್ಟೆವು.

ಹೆದರಿದವನು ಖಾಜಾ. ರಸ್ತೆಯ ಮೇಲೆ ಕಣ್ಣು ಮಂದವಾದವನನ್ನು ಕರೆದುಕೊಂಡು ಓಡುವುದು ಆಟವಲ್ಲ ಎಂದ. ಒಂದು ಕರಾರು ಹಾಕಿದ.

"ಶರಣಣ್ಣ, ದಾರಿ ಮ್ಯಾಲಿನ ಕಿಲೋಮೀಟರ್ ಕಲ್ಲು ನೀನಾ ಜೋರಾಗಿ ಓದ್ಬೇಕು. ಒಂದೂ ಬಿಡಂಗಿಲ್ಲ. ಯಾವತ್ತು ಓದಾಕ ಆಗಂಗಿಲ್ಲೋ ಅವತ್ತಿಗೆ ರೋಡ್ ಬಂದ್. ಗ್ರೌಂಡಿನಾಗ ಸುತ್ತು ಹೊಡಿಯೋಣು. ಕಬೂಲ್ ಏನು?"

"ಕಬೂಲ್ ಮಾರಾಯಾ. ಮಾಸ್ತರ ಪರೀಕ್ಷಾ ತಗೊಳ್ಳಲಿ, ನೀ ರಿಸಲ್ಟ್ ಹೇಳು."

ನಮ್ಮ ಅಭ್ಯಾಸದ ಕ್ರಮ ಹೀಗಿತ್ತು. ಭಾನುವಾರ ಬಸ್ಸು ಹತ್ತಿ ಕುರುಗೋಡಿಗೆ ಹೋಗುವುದು, ಅಲ್ಲಿಂದ ಬಳ್ಳಾರಿಗೆ ಓಡಿಕೊಂಡು ಬರುವುದು. ಊರ ಬಿಸಿಲಿಗೆ ಅಂಜುವ ಬೇರೆಯವರೆಲ್ಲ ನಸುಕಿನಲ್ಲೇ ಓಡುತ್ತಿದ್ದರು. ನಾವು ಸೂರ್ಯ ಹುಟ್ಟಿದ ಮೇಲೆ; ಅದು ಶರಣುವಿನ ಕರಾರು. ಕಂಡಕ್ಟರಿಗೆ ನಮ್ಮನ್ನು ಕಂಡರೆ ಮೋಜು. "ಟಿಕೆಟ್ ತಗೊಂಡು ಹೋಗ್ತೀರಿ, ಬರೋವಾಗ ಓಡ್ಕೊಂತ ಬರ್ತೀರಿ. ಉಲ್ಟಾ ಮಾಡ್ರಲ್ಲ. ಓಡ್ಕೊಂತ ಹೋಗ್ರಿ, ಬರೋವಾಗ ಸೀಟಿನಾಗ ಕುಂತು ಬರ್ರಿ. ಆರಾಮ ಆಗ್ತೈತಿ" ಅನ್ನುತ್ತಿದ್ದ. ಅದಕ್ಕೆ ಶರಣು, "ಆರಾಮ ಕಣ್ಣಿಗೆ ಬಿದ್ರ ನಡುವ ನಿಂತುಬಿಡ್ತೀವ್ರಿ. ಮನಿ ಮುಂದ್ ಇದ್ರ ಕಾಲು ತಾವಾ ಓಡ್ತಾವು" ಅನ್ನುತ್ತಿದ್ದ.

ಕುರುಗೋಡು ದಾಟುತ್ತಿದ್ದಂತೆ ಅವನ ಓದು ಶುರು. ತೊಡೆಗೆ ಕೊಬ್ಬರಿ ಎಣ್ಣೆ ಸವರಿಕೊಂಡು, ನಿಂಬೆಹಣ್ಣು ಉಪ್ಪು ಹಿಂಡಿದ ನೀರು ಗುಟುಕರಿಸಿ, ಮೂವರೂ ಒಂದೇ ಸಾಲಿನಲ್ಲಿ ಹೊರಡುತ್ತಿದ್ದೆವು, ಅವನು ನಡುವೆ. ಕಾಲುವೆ, ಮೆಣಸಿನಕಾಯಿ ಹೊಲ, ಜೋಳದ ಹೊಲ, ಕರಿ ಮಣ್ಣು. ಕಲ್ಲು ಹತ್ತಿರವಾದಂತೆ ಶರಣು ಕತ್ತು ಸ್ವಲ್ಪ ಎಡಕ್ಕೆ ತಿರುಗಿಸಿ, ಬಸ್ಸಿನ ಕ್ಲೀನರ್ ಕೂಗುವ ಹಾಗೆ ಕೂಗುತ್ತಿದ್ದ: "ಬಳ್ಳಾರಿ ಇಪ್ಪತ್ನಾಕು!" ಬರೀ ಅಂಕಿಯಲ್ಲ, ಕಲ್ಲಿನ ಕ್ಷೇಮಸಮಾಚಾರವನ್ನೂ ಹೇಳುತ್ತಿದ್ದ. ಇದಕ್ಕೆ ಯಾರೋ ಎಲೆ ಅಡಿಕೆ ಉಗುಳ್ಯಾರ. ಇದು ವಾಲೈತಿ. ಇದರ ಹಳದಿ ಮಾಸೈತಿ. ಖಾಜಾ ಪ್ರತಿ ಸಲ "ಪಾಸ್!" ಎಂದು ಕೂಗುತ್ತಿದ್ದ. ಅವನು ಓದುತ್ತಿದ್ದ, ಆದ್ದರಿಂದ ನಾವು ಓದುತ್ತಿರಲಿಲ್ಲ. ನಾನು ನನ್ನ ಮೊಣಕಾಲಿನ ಯೋಚನೆಯಲ್ಲಿ, ಖಾಜಾ ಎದುರು ಬರುವ ಲಾರಿಯ ಯೋಚನೆಯಲ್ಲಿ. ಪರೀಕ್ಷೆ ತೆಗೆದುಕೊಳ್ಳುವ ಮಾಸ್ತರನೇ ಪ್ರಶ್ನೆಪತ್ರಿಕೆಯನ್ನು ತಿರುಗಿ ನೋಡಿರಲಿಲ್ಲ.

ಅವನ ಅಪ್ಪ ಅದೇ ದಾರಿಯಲ್ಲಿ ಬಸ್ಸು ಓಡಿಸುತ್ತಿದ್ದ ಡ್ರೈವರು. ಸಾಲಿಯ ರಜೆಯಲ್ಲಿ ಶರಣು ಇಂಜಿನ್ನಿನ ಬಿಸಿ ಬಾನೆಟ್ಟಿನ ಮೇಲೆ ಗೋಣಿಚೀಲ ಮಡಿಸಿ ಹಾಕಿಕೊಂಡು ಕೂರುತ್ತಿದ್ದನಂತೆ. ಅಪ್ಪ ಕಲ್ಲು ಬಂದಾಗಲೆಲ್ಲ ಹಾರನ್ ಹೊಡೆಯುತ್ತಿದ್ದ, ಮಗ ಓದಬೇಕಿತ್ತು. "ಮಗ್ಗಿಗಿಂತ ಮೊದಲ ನಾ ಕಲ್ಲು ಕಲ್ತೆ" ಎಂದು ನಮಗೆ ಹೇಳಿದವನು ಅವನೇ, ಅದೇ ದಾರಿಯಲ್ಲಿ, ಏದುಸಿರು ಬಿಡುತ್ತಾ. ಅಷ್ಟು ಸಲೀಸಾಗಿ ಹೇಳಿದವನನ್ನು ಯಾರು ಅನುಮಾನಿಸುತ್ತಾರೆ? ದೂರ ಹೆಚ್ಚು ಮಾಡಬೇಕಾಗಿ ಬಂದಾಗ, ಇನ್ನು ಸಿರುಗುಪ್ಪದ ರಸ್ತೆ ಹಿಡಿಯೋಣ, ಬಸ್ಸನ್ನು ಅರ್ಧ ದಾರಿಯಲ್ಲಿ ಇಳಿದರಾಯಿತು ಎಂದೆ. "ಆ ರೋಡ್ ಬ್ಯಾಡ. ಭತ್ತದ ಲಾರಿ ಜಾಸ್ತಿ" ಅಂದುಬಿಟ್ಟ. ವಾರಕ್ಕೆ ನಾಲ್ಕು ದಿನ ವ್ಯಾಪಾರಕ್ಕೆ ಹೋಗುವ ರಸ್ತೆ ಅವನಿಗೆ ಬೇಡವಾಯಿತು. ದೂರ ಸಾಲದ್ದಕ್ಕೆ ಕುರುಗೋಡಿನಲ್ಲೇ ಹಿಂದಕ್ಕೂ ಮುಂದಕ್ಕೂ ಓಡಿ ಸರಿದೂಗಿಸಿದೆವು. ಅವನು ಬೈಕು ಮಾರಿ ಬಸ್ಸಿಗೆ ಓಡಾಡತೊಡಗಿ ಆಗಲೇ ಬಹಳ ದಿನವಾಗಿತ್ತು ಎಂಬುದೂ ನನಗೆ ಗೊತ್ತಿತ್ತು. ಗೊತ್ತಿದ್ದ ಸಂಗತಿಗಳು ಗೊತ್ತಿದ್ದ ಹಾಗೇ ಇದ್ದವು, ಒಂದರ ಪಕ್ಕ ಒಂದು, ಒಂದನ್ನೊಂದು ಮುಟ್ಟದೆ.

ಆ ಭಾನುವಾರಕ್ಕೆ ಬರುತ್ತೇನೆ. ಕೊಳಗಲ್ಲು ಇನ್ನೂ ಮುಂದಿತ್ತು. ಭತ್ತದ ಕೊಯ್ಲು ಮುಗಿದ ಹೊತ್ತಲ್ಲಿ ನಮ್ಮ ಕಡೆ ಅರ್ಧ ರಸ್ತೆ ಕಣವಾಗುತ್ತದೆ. ಭತ್ತವನ್ನು ಡಾಂಬರಿನ ಮೇಲೆ ಹರವಿ ಒಣಗಿಸುತ್ತಾರೆ. ಗಾಡಿಗಳು ಮೇಲೆ ಹಾಯದಂತೆ ಅಂಚಿಗೆ ಸಾಲಾಗಿ ಕಲ್ಲು ಇಡುತ್ತಾರೆ. ಭತ್ತ ಚೀಲ ಸೇರಿದ ಮೇಲೂ ಕಲ್ಲುಗಳು ಕೆಲವು ದಿನ ಅಲ್ಲೇ ಇರುತ್ತವೆ. ನನ್ನ ಹೆಬ್ಬೆರಳಿನ ಉಗುರು ಕಪ್ಪಾಗಿ ಅಲುಗಾಡುತ್ತಿತ್ತು. ಅದನ್ನು ಕೀಳಿಸಬೇಕೋ ತಾನೇ ಬೀಳಲು ಬಿಡಬೇಕೋ ಎಂದು ನಾನು ಉದ್ದಕ್ಕೂ ಕೊರೆಯುತ್ತಿದ್ದೆ. ಆಗ ಶರಣು ಕತ್ತು ತಿರುಗಿಸಿ ಕೂಗಿದ. ಕೂಗಿದ ಎಂದೇ ನನ್ನ ನೆನಪು.

"ಬಳ್ಳಾರಿ ಹನ್ನೊಂದು! ಎರಡನೇ ಒಂದರ ಅಂಕಿ ಅರ್ಧ ಉದುರಿಬಿಟ್ಟೈತಿ, ಪಾಪ."

ಅದಾಗಿ ನಾಲ್ಕು ಹೆಜ್ಜೆಗೋ ಹತ್ತು ಹೆಜ್ಜೆಗೋ ಅವನ ಕಾಲು ಆ ಕಲ್ಲಿನ ಸಾಲಿಗೆ ತಗುಲಿತು. ಮುಂದಕ್ಕೆ ಹಾರಿ, ಕೈ ಊರಿ, ಇನ್ನೂ ಚೀಲ ಸೇರದ ಭತ್ತದ ಮೇಲೆ ಬಿದ್ದ. ಹುಬ್ಬಿನಿಂದ ರಕ್ತ. ಮುಂಗೈ ಬೇರೆ ದಿಕ್ಕಿಗೆ ತಿರುಗಿತ್ತು. ಭತ್ತ ತುಂಬುತ್ತಿದ್ದ ಮುದುಕಿ ಮೊರ ಬಿಸುಟು ಓಡಿ ಬಂದಳು.

"ಅಯ್ಯೋ ಎಪ್ಪಾ! ಕಲ್ಲು ಕಾಣ್ಲಿಲ್ಲೇನು? ಕಾಣ್ಲಿ ಅಂತಾನಾ ಬೆಳ್ಳಗ ಸುಣ್ಣ ಹಚ್ಚೀನಲ್ಲೋ!"

ಹೌದು, ಕಲ್ಲುಗಳು ಬೆಳ್ಳಗೆ, ಹಲ್ಲಿನ ಸಾಲಿನ ಹಾಗೆ ಇದ್ದವು.

"ಕಣ್ಣಿಗೆ ಕಂಡ್ವು ಬೇ, ಕಾಲಿಗೆ ಕಾಣ್ಲಿಲ್ಲ" ಎಂದ ಶರಣು. ನಗಿಸಲು ನೋಡಿದ. ಆಮೇಲೆ ನಮ್ಮ ಕಡೆ ತಿರುಗಿ, "ನನ್ನ ಈ ಕಡಿ ಎಳೀರೋ, ಭತ್ತಕ್ಕ ರಕ್ತ ಹತ್ತೈತಿ" ಅಂದ.

ಕೈಗೆ ಪಟ್ಟಿ ಬಿತ್ತು. ಮ್ಯಾರಥಾನ್ ದಿನ ಅವನು ಪಟ್ಟಿ ಕಟ್ಟಿದ ಕೈಯನ್ನು ಕೊರಳಿಗೆ ಕಟ್ಟಿದ ಜೋಳಿಗೆಗೆ ಹಾಕಿಕೊಂಡು, ಹೆಂಡತಿ ಪಾರ್ವತಿಯ ಜೊತೆ ಓಟ ಮುಗಿಯುವ ಕಡೆ ಬಂದು ನಿಂತಿದ್ದ. ನಾನು ಅರ್ಧಕ್ಕೇ ಕೈಬಿಟ್ಟು, ಆಟೋ ಹಿಡಿದು ಬಂದು ಅವರ ಪಕ್ಕ ನಿಂತಿದ್ದೆ. ಹಸಿರು ಅಂಗಿಯ ಒಬ್ಬ ದೂರದಿಂದ ಬಂದ. ಶರಣು ಒಂದೇ ಕೈಯಿಂದ ತೊಡೆ ತಟ್ಟಿ, "ಶಾಭಾಸ್ ಖಾಜಾ! ಬಾರಲೇ ನನ್ನ ಹುಲಿ!" ಎಂದು ಕೂಗಿದ. ಆ ಮನುಷ್ಯ ಯಾರೋ ಅಪರಿಚಿತ. ನಗುತ್ತಾ ಕೈ ಎತ್ತಿ ಮುಂದೆ ಹೋದ. ಖಾಜಾ ಬಂದದ್ದು ಬಹಳ ಹೊತ್ತಿನ ಮೇಲೆ. ಆಗ ಶರಣು ಕೂಗಲಿಲ್ಲ. ಪಾರ್ವತಿ ನನ್ನನ್ನು ಪಕ್ಕಕ್ಕೆ ಕರೆದಳು.

"ಅಣ್ಣಾರ, ಖರೇ ಹೇಳ್ರಿ. ಬಿದ್ದ ದಿನ ಅವ್ರಿಗೆ ಕಾಣ್ತಿತ್ತೇನು?"

"ಕಲ್ಲು ಓದ್ತಿದ್ದನಮ್ಮಾ. ಬಿದ್ದ ಜಾಗದ ಕಲ್ಲನ್ನೂ ಓದಿದ" ಅಂದೆ.

ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದಳು.

ವರ್ಷ ಕಳೆದು ಮತ್ತೆ ಓಟ ಹತ್ತಿರ ಬಂತು. ಕೈ ಕೂಡಿಕೊಂಡಿದೆ. ಕಣ್ಣಿನ ಸುದ್ದಿ ಕೇಳಬೇಡಿ. ಶರಣು ಗ್ರೌಂಡಿನಲ್ಲಿ ಒಳ ಅಂಚಿನ ಕಟ್ಟೆಗೆ ಪಾದ ತಾಗಿಸಿಕೊಂಡು ಸುತ್ತು ಹಾಕುತ್ತಾನೆ, ಈ ಸಲ ಓಡಿಯೇ ತೀರುತ್ತೇನೆ ಅನ್ನುತ್ತಾನೆ. ಪಾರ್ವತಿಯದು ಒಂದೇ ಮಾತು: ಒಬ್ಬರ ಕೈಗೆ ಹಗ್ಗ ಕಟ್ಟಿಕೊಂಡು ಓಡುವುದಾದರೆ ಹೋಗಲಿ, ಇಲ್ಲದಿದ್ದರೆ ಹೊಸ್ತಿಲು ದಾಟುವುದು ಬೇಡ. ಖಾಜಾ ಅವತ್ತೇ ಜೀನ್ಸ್ ಬಟ್ಟೆಯ ಮೊಳದುದ್ದದ ಪಟ್ಟಿ ಹೊಲಿದು ತಂದ, ಎರಡು ತುದಿಗೂ ಮುಂಗೈ ತೂರಿಸುವಂಥ ಕುಣಿಕೆ. ಒಂದು ಶರಣುವಿಗೆ, ಇನ್ನೊಂದು ನನಗೆ; ಎದುರು ಬರುವ ಗಾಡಿಗಳನ್ನು ತಾನು ನೋಡಿಕೊಳ್ಳುತ್ತೇನೆ ಎಂದ. ಶರಣು ಅದನ್ನು ಮುಟ್ಟಿ ನೋಡಿ, ತಿರುಗಿಸಿ, ಖಾಜಾನ ತೊಡೆಯ ಮೇಲೇ ಒಗೆದ.

"ನಾನೇನು ಎಮ್ಮಿ ಏನಲೇ, ಹಗ್ಗ ಹಾಕಾಕ? ಹೋದ ವರ್ಷ ಕಲ್ಲು ಓದೀನಿ. ಬೀಳಾಕ ಯಾರಾದ್ರೂ ಬೀಳ್ತಾರ. ಓದಿದ್ದಕ್ಕ ಮಾಸ್ತರನ ಸಾಕ್ಷಿ ಐತಿ. ಹೇಳೋ ಮಾಸ್ತರ."

"ಹನ್ನೊಂದು ನೀ ಓದ್ಲೇ ಇಲ್ಲಣ್ಣ" ಎಂದ ಖಾಜಾ.

"ಮಾಸ್ತರ, ಹೇಳಂತೀನಿ."

ಓದಿದ ಎಂದೆ. ಖಾಜಾ ಪಟ್ಟಿಯನ್ನು ಸುತ್ತಿ ಜೇಬಿಗೆ ಹಾಕಿಕೊಂಡು ಎದ್ದು ಹೋದ. ಹೀಗೆ ಎರಡು ವಾರದಿಂದ ಎಲ್ಲ ನಿಂತಲ್ಲೇ ನಿಂತಿತ್ತು: ನನ್ನ ಒಂದು ನೆನಪಿನ ಮೇಲೆ.

ಇರುವೆ ಕಂಡ ಮರುದಿನ ಸ್ಕೂಟರ್ ಹತ್ತಿ ಕುರುಗೋಡಿನ ರಸ್ತೆಗೆ ಹೋದೆ. ಕೊಳಗಲ್ಲು ದಾಟಿದ ಮೇಲೆ ಮುದುಕಿಯ ಮನೆ ಸುಲಭವಾಗಿ ಸಿಕ್ಕಿತು. ಎದುರಿಗೇ ರಸ್ತೆಯಂಚಿನ ಕಲ್ಲು. ಅದಕ್ಕೆ ಒಂದು ಎಮ್ಮೆಕರು ಕಟ್ಟಿತ್ತು. ಕರುವನ್ನು ಸರಿಸಿ ನೋಡಿದೆ. ತಲೆಯ ಮೇಲೆ ಹಳದಿ, ಕೆಳಗೆ ಬಿಳಿ. ಅಂಕಿಯಿಲ್ಲ, ಅಕ್ಷರವಿಲ್ಲ, ಉದುರಿದ ಗುರುತೂ ಇಲ್ಲ.

"ಓಡ್ಕೊಂತ ಬಂದು ಬಿದ್ದೋರ ಕಡೇರೇನ್ರಿ?" ಮುದುಕಿ ಕಣ್ಣಿಗೆ ಕೈ ಅಡ್ಡ ಹಿಡಿದು ಬಂದಳು.

"ಹೌದಮ್ಮಾ. ಈ ಕಲ್ಲಿನ ಮ್ಯಾಲೆ ಬರದಿದ್ದು ಯಾವಾಗ ಹೋತು?"

"ಎಲ್ಲಿ ಬರದಿದ್ರು? ರೋಡ್ ಅಗಲ ಮಾಡಿದಾಗ ಹಳೇದು ಕಿತ್ತು ಇದನ್ನ ನೆಟ್ರು. ಬಣ್ಣ ಬಳದು ಹೋದೋರು ಬರಿಯಾಕ ಬರ್ಲೇ ಇಲ್ಲ. ಖಾಲಿ ಐತಲ್ಲ ಅಂತ ನಾ ಕರಾ ಕಟ್ತೀನಿ."

"ಅವನು ಬಿದ್ದಾಗ?"

"ಅವಾಗ್ಲೂ ಹಿಂಗಾ ಇತ್ತಲ್ರಿ. ಇದಕ್ಕಾ ಆನಿಸಿ ಕುಂದ್ರಿಸಿದ್ವಿ ಅವ್ರನ್ನ! ನೀವಾ ಪಕ್ಕದಾಗ ಕುಂತು ನೀರು ಕುಡಿಸಿದ್ರಿ."

ಅದು ನನಗೆ ನೆನಪೇ ಇಲ್ಲ. ನಾನು ಕೂತದ್ದಾಗಲಿ, ನೀರಾಗಲಿ. ಮಂಜು ನೆನಪಿದೆ.

ಮುದುಕಿಯ ನೆನಪೂ ನೆನಪೇ ಅಲ್ಲವೇ ಎಂದು ಒಂದು ಕ್ಷಣ ಅನ್ನಿಸಿತು. ಅಲ್ಲೇ ನಿಂತು ಶರಣುವಿಗೆ ಫೋನ್ ಹಚ್ಚಿದೆ.

"ಹನ್ನೊಂದರ ಕಲ್ಲಿನ ಹತ್ರ ಅದೀನಿ."

"ಈ ಬಿಸಿಲಾಗ ಅಲ್ಲೇನು ಮಾಡ್ತಿ ಮಾಸ್ತರ?"

"ಇದರ ಮ್ಯಾಲೆ ಏನೂ ಬರದಿಲ್ಲ, ಶರಣು."

ಅವನ ಮನೆಯಲ್ಲಿ ಕುಕ್ಕರ್ ಕೂಗಿತು. ಪಾರ್ವತಿ ಏನೋ ಕೇಳಿದಳು.

"ಮೊದಲ ಬರದಿತ್ತು" ಅಂದ.

"ಯಾವಾಗ?"

"ಅಪ್ಪ ಇದ್ದಾಗ."

ಕರು ನನ್ನ ಚಪ್ಪಲಿ ಮೂಸುತ್ತಿತ್ತು. ನಾನೇ ಏನಾದರೂ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವನ ದನಿ ಬಂತು. ಮಿಲ್ಲಿನವರಿಗೆ ಬೆಲ್ಟಿನ ಅಳತೆ ಹೇಳುವಾಗಿನ ದನಿ.

"ಖಾಜಾಗ ಹೇಳು, ಹಗ್ಗಕ್ಕ ಜೀನ್ಸ್ ಬಟ್ಟಿ ಬ್ಯಾಡ. ಬೆವರು ಹತ್ತಿದ್ರ ಕೈ ಕೊರೀತೈತಿ. ಮೆತ್ತನ್ನ ಬಟ್ಟಿ ಹಾಕ್ಲಿ."

ಫೋನ್ ಇಟ್ಟ.

ಒಳ್ಳೆಯದಾಯಿತು ಎಂದು ನೀವು ಅನ್ನಬಹುದು, ಪಾರ್ವತಿಯೂ ಅಂದಳು. ನನಗೆ ಹಾಗೆ ಅನ್ನಲು ಬಾಯಿ ಬರುತ್ತಿಲ್ಲ. ಕಣ್ಣಿದ್ದಾಗ ಒಮ್ಮೆ ಓಡಬೇಕು ಅಂದವನು ಈಗ ನನ್ನ ಮುಂಗೈಗೆ ಕಟ್ಟಿಕೊಂಡು ಓಡುತ್ತಾನೆ, ಹೋದ ವರ್ಷ ಅರ್ಧಕ್ಕೆ ಆಟೋ ಹತ್ತಿದ ನನ್ನ ಮುಂಗೈಗೆ. ಬೇವಿನ ಚಿಗುರು, ಕೋಟೆಯ ಬಂಡೆ, ನಿಂತು ಕೂಗುವ ಜನ, ಇವುಗಳನ್ನು ನಾನು ಅವನಿಗೆ ಓದಿ ಹೇಳಬೇಕು. ಆಮೇಲೆ ಅವನು ಕೂತು ನೆನೆಸಿಕೊಳ್ಳುವುದು ನಾನು ಓದಿ ಹೇಳಿದ್ದನ್ನು. ನನ್ನ ಓದು ಎಂಥದ್ದು ಎಂದು ನಿಮಗೀಗ ಗೊತ್ತಿದೆ.

ಅವತ್ತು ಅಲ್ಲಿಂದ ಹೊರಡುವ ಮುಂಚೆ ಒಂದನ್ನು ಮಾತ್ರ ತಾಳೆ ನೋಡಿದೆ. ಕುರುಗೋಡಿನ ಕಡೆಗಿರುವ ಕಲ್ಲಿನ ತನಕ ಹೋಗಿ, ಇಳಿದು, ಬೆರಳಿನಿಂದ ಮುಟ್ಟಿ ಓದಿದೆ: ಬಳ್ಳಾರಿ ಹನ್ನೆರಡು. ತಿರುಗಿ ಬಂದು, ಕರು ಕಟ್ಟಿದ ಕಲ್ಲನ್ನು ದಾಟಿ, ಬಳ್ಳಾರಿ ಕಡೆಯ ಕಲ್ಲಿನ ಹತ್ತಿರ ಇಳಿದು ಮುಟ್ಟಿ ಓದಿದೆ: ಬಳ್ಳಾರಿ ಹತ್ತು. ನಡುವಿನ ಆ ಖಾಲಿ ಕಲ್ಲು ಹನ್ನೊಂದರದೇ.